ಪಕ್ಕದಲ್ಲೇ ರೇಷ್ಮೆ ಸೊಪ್ಪು ಇರುವ ಊರಲ್ಲಿ ಡ್ರೋನ್: ಕಟ್ಟೋದು, ಕಾಗದ ಮಾಡಿಸೋದು, ಕಾಪಾಡೋದು

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿ ನೋಡಿ. ಒಂದು ಎಕರೆ ಟೊಮ್ಯಾಟೊ, ಪಕ್ಕಕ್ಕೆ ಮುಕ್ಕಾಲು ಎಕರೆ ರೇಷ್ಮೆ ಸೊಪ್ಪು, ಅದರಾಚೆ ರಾಗಿ, ನಡುವೆ ಒಂದು ಪಾಲಿಹೌಸ್, ಮೇಲೆ ಕರೆಂಟ್ ತಂತಿ. ಡ್ರೋನ್ ಮಾರುವವರ ವಿಡಿಯೊದಲ್ಲಿ ಕಾಣುವ ಕೊನೆಯಿಲ್ಲದ ಬಯಲು ನಮ್ಮಲ್ಲಿಲ್ಲ. ಹಾಗಾಗಿ ಅವರು ಹೇಳುವ ಅರ್ಧ ಮಾತು ನಮಗೆ ಕೆಲಸಕ್ಕೆ ಬರುವುದಿಲ್ಲ.

ನಾನು ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುತ್ತಿದ್ದವನು. ಅಲ್ಲಿಂದ ಡ್ರೋನ್ ಕಡೆಗೆ ಬಂದೆ. ಈಗ ಶೆಡ್ಡಿಗೆ ಬರುವ ಹುಡುಗರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಒಂದು ಡ್ರೋನ್ ನಾವೇ ಮಾಡ್ಕೊಂಡು ಔಷಧಿ ಹೊಡೆಯೋ ಬಾಡಿಗೆ ಕೆಲಸ ಶುರು ಮಾಡ್ಬೋದಾ?" ಅವರಿಗೆ ಪ್ರತಿ ಸಲ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮೂರು ಕಾಗದದ ವ್ಯತ್ಯಾಸ ತಿಳಿಯಿರಿ

ಬಿಡಿಭಾಗ ಕೊಳ್ಳುವ ಮೊದಲೇ ಕಾಗದದ ಮಾತು ಯಾಕೆ ಅಂತ ಮುಖ ಸಿಂಡರಿಸಬೇಡಿ. ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲೇ ಕಳೆದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಡ್ರೋನ್‌ಗೆ ಆಧಾರ 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು. ಆಮೇಲೆ 2022ರಲ್ಲಿ, 2023ರಲ್ಲಿ ತಿದ್ದುಪಡಿಗಳಾಗಿವೆ. ಎಲ್ಲವನ್ನೂ ನೋಡಿಕೊಳ್ಳುವುದು ಡಿಜಿಸಿಎ, ಅಂದರೆ ವಿಮಾನಗಳನ್ನು ನೋಡಿಕೊಳ್ಳುವ ಅದೇ ನಿರ್ದೇಶನಾಲಯ. ತೂಕದ ಮೇಲೆ ಡ್ರೋನ್‌ಗಳನ್ನು ಐದು ವರ್ಗ ಮಾಡಿದ್ದಾರೆ. 250 ಗ್ರಾಂವರೆಗೆ ನ್ಯಾನೊ. ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. 25 ಕೆ.ಜಿ.ವರೆಗೆ ಸ್ಮಾಲ್. 150 ಕೆ.ಜಿ.ವರೆಗೆ ಮೀಡಿಯಂ. ಅದಕ್ಕೂ ಮೇಲೆ ಲಾರ್ಜ್. ಇಲ್ಲಿ ತೂಕ ಅಂದರೆ ಟ್ಯಾಂಕ್ ತುಂಬಿ ಮೇಲೇಳುವಾಗಿನ ಪೂರ್ತಿ ತೂಕ. 10 ಲೀಟರ್ ಟ್ಯಾಂಕಿನ ಡ್ರೋನ್‌ಗಳು ಹೆಚ್ಚಾಗಿ 25 ಕೆ.ಜಿ.ಗೆ ಚೂರು ಕಡಿಮೆ ಇರುವುದು ಇದಕ್ಕೇ. ಬ್ಯಾಟರಿ ಸಮೇತ ಖಾಲಿ ಡ್ರೋನ್ 14.5 ಕೆ.ಜಿ., ನೀರು 10 ಕೆ.ಜಿ., ಒಟ್ಟು 24.5. ಇನ್ನೊಂದು ಲೀಟರ್ ಸೇರಿಸಿದರೆ ವರ್ಗವೇ ಬದಲಾಗುತ್ತದೆ.

ಇನ್ನು ಮೂರು ಕಾಗದ. ಬೈಕಿನ ಲೆಕ್ಕದಲ್ಲಿ ಯೋಚಿಸಿ. ಕಂಪನಿ ಒಂದು ಮಾದರಿಯ ಬೈಕಿಗೆ ಸರ್ಕಾರದ ಒಪ್ಪಿಗೆ ಪಡೆಯುತ್ತದಲ್ವಾ, ಅದೇ ರೀತಿ ಡ್ರೋನ್‌ನ ಮಾದರಿಗೆ ಸಿಗುವುದು ಟೈಪ್ ಸರ್ಟಿಫಿಕೇಟ್. ನಿಮ್ಮ ಬೈಕಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ನಿಮ್ಮ ಕೈಯಲ್ಲಿರುವ ಆ ಒಂದೇ ಡ್ರೋನ್‌ಗೆ ಸಿಗುವ ಗುರುತಿನ ನಂಬರ್ ಯುಐಎನ್. ಓಡಿಸುವವನಿಗೆ ಡಿಎಲ್ ಇದ್ದ ಹಾಗೆ ಹಾರಿಸುವವನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್. ಒಂದಿದ್ದರೆ ಇನ್ನೊಂದು ಬೇಡ ಅಂತಲ್ಲ. ಬಾಡಿಗೆಗೆ ಔಷಧಿ ಹೊಡೆಯಬೇಕಾದರೆ ಮೂರೂ ಬೇಕು. ಜೊತೆಗೆ ಥರ್ಡ್ ಪಾರ್ಟಿ ವಿಮೆಯೂ ಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ಈಗ ಹುಡುಗರ ಪ್ರಶ್ನೆಗೆ ಉತ್ತರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತಂದು ನೀವೇ ಜೋಡಿಸಿದ 10 ಲೀಟರ್ ಡ್ರೋನ್‌ಗೆ ಟೈಪ್ ಸರ್ಟಿಫಿಕೇಟ್ ಇರುವುದಿಲ್ಲ. ಅದನ್ನು ತಗೊಂಡು ಪಕ್ಕದ ಊರಲ್ಲಿ ದುಡ್ಡಿಗೆ ಔಷಧಿ ಹೊಡೆಯುವ ಹಾಗಿಲ್ಲ. ಅಷ್ಟೇ. ಕಟ್ಟುವುದಕ್ಕೆ ಅಡ್ಡಿಯಿಲ್ಲ. ಕಲಿಯಲು, ಪರೀಕ್ಷಿಸಲು, ಖುಷಿಗೆ ಅಂತ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ 25 ಕೆ.ಜಿ. ಒಳಗಿನ ಮಾಡೆಲ್ ಡ್ರೋನ್‌ಗೆ ಟೈಪ್ ಸರ್ಟಿಫಿಕೇಟ್ ಬೇಡ. ಸಂಶೋಧನೆಗೆ ಇನ್ನೂ ದೊಡ್ಡ ವಿನಾಯಿತಿ ಇದೆ. ಮಾನ್ಯತೆ ಪಡೆದ ಕಾಲೇಜು, ಮಾನ್ಯತೆ ಪಡೆದ ಸ್ಟಾರ್ಟಪ್, ಜಿಎಸ್‌ಟಿ ನಂಬರ್ ಇರುವ ಡ್ರೋನ್ ತಯಾರಕ, ಇಂಥವರು ತಮ್ಮ ಹಿಡಿತದಲ್ಲಿರುವ ಜಾಗದಲ್ಲಿ, ಹಸಿರು ವಲಯದಲ್ಲಿ (ಅದೇನು ಅಂತ ಮುಂದೆ ಹೇಳುತ್ತೇನೆ) ಪರೀಕ್ಷೆ ಮಾಡುವಾಗ ಮೇಲಿನ ಮೂರು ಕಾಗದವೂ ಬೇಡ.

ನನ್ನ ಸಲಹೆ ಕೇಳಿದರೆ: ಚಿಕ್ಕದೊಂದನ್ನು ಕೈಯಾರೆ ಕಟ್ಟಿ ಕಲಿಯಿರಿ. ದುಡಿಮೆಗೆ ಟೈಪ್ ಸರ್ಟಿಫಿಕೇಟ್ ಇರುವುದನ್ನು ಕೊಳ್ಳಿ. ಅದರಲ್ಲಿ ಎರಡು ಹಂಗಾಮು ಕಳೆದ ಮೇಲೂ ನಿಮ್ಮದೇ ಮಾದರಿ ಮಾಡುವ ಹುಚ್ಚು ಉಳಿದಿದ್ದರೆ ಆಗ ಸರ್ಟಿಫಿಕೇಷನ್‌ಗೆ ಇಳಿಯಿರಿ.

ಚಿಕ್ಕದೊಂದು ಕಟ್ಟಿ ಕಲಿಯಿರಿ

450 ಮಿ.ಮೀ. ಫ್ರೇಮು, ನಾಲ್ಕು ಮೋಟಾರು, ನಾಲ್ಕು ಇಎಸ್‌ಸಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕಿಟ್), 10 ಇಂಚಿನ ಪ್ರೊಪೆಲ್ಲರ್, ಡ್ರೋನಿನ ಮೆದುಳಿನಂತಿರುವ ಒಂದು ಪಿಕ್ಸ್‌ಹಾಕ್ ಜಾತಿಯ ಫ್ಲೈಟ್ ಕಂಟ್ರೋಲರ್, ಜಿಪಿಎಸ್, ರಿಮೋಟು, ಬ್ಯಾಟರಿ. ಎಲ್ಲ ಸೇರಿ ಒಂದೂವರೆ ಕೆ.ಜಿ. ಆಸುಪಾಸು. ಕಂಟ್ರೋಲರಿಗೆ ಆರ್ಡುಪೈಲಟ್ ಹಾಕಿ. ಪುಕ್ಕಟೆ ಸಾಫ್ಟ್‌ವೇರ್. ಒಳಗೆ ಏನಾಗುತ್ತಿದೆ ಅಂತ ಪೂರ್ತಿ ನೋಡಬಹುದು, ಹಾರಾಟದ ದಾಖಲೆ, ಅಂದರೆ ಲಾಗ್, ಸಿಗುತ್ತದೆ. ಕಲಿಯುವವನಿಗೆ ಲಾಗ್‌ಗಿಂತ ಒಳ್ಳೆ ಮೇಷ್ಟ್ರು ಇಲ್ಲ.

ತೂಕದ ಒಂದು ಲೆಕ್ಕ ತಲೆಯಲ್ಲಿರಲಿ. ಎಲ್ಲ ಮೋಟಾರುಗಳೂ ಸೇರಿ ಪೂರ್ತಿ ಎಳೆದಾಗ ಡ್ರೋನ್ ತೂಕದ ಎರಡರಷ್ಟಾದರೂ ಎತ್ತುವಂತಿರಬೇಕು. ಆರು ಮೋಟಾರಿನ 24.5 ಕೆ.ಜಿ. ಡ್ರೋನ್ ತಗೊಳ್ಳಿ. ಸುಮ್ನೆ ನಿಂತಲ್ಲೇ ನಿಲ್ಲಲು ಒಂದೊಂದು ಮೋಟಾರ್ ಸುಮಾರು 4.1 ಕೆ.ಜಿ. ಹೊರಬೇಕು. ಹಾಗಾದರೆ ಮೋಟಾರಿನ ತಾಕತ್ತು 8 ಕೆ.ಜಿ.ಗೂ ಮೇಲಿರಬೇಕು. ಇದಕ್ಕಿಂತ ಕಡಿಮೆ ಇಟ್ಟರೆ ಗಾಳಿ ಬೀಸಿದಾಗ ಸರಿಪಡಿಸಿಕೊಳ್ಳಲು ಅದರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಜೋಡಿಸುವಾಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಪ್ರೊಪೆಲ್ಲರ್‌ಗಳಲ್ಲಿ ಎರಡು ಜಾತಿ, ಗಡಿಯಾರದ ಮುಳ್ಳಿನ ಕಡೆ ತಿರುಗುವುದು ಮತ್ತು ಅದಕ್ಕೆ ಎದುರಾಗಿ ತಿರುಗುವುದು. ಪಕ್ಕಪಕ್ಕದ ಮೋಟಾರುಗಳು ಎದುರುಬದುರು ತಿರುಗಬೇಕು. ನಾನು ಒಂದು ಜೋಡಿ ಅದಲುಬದಲು ಹಾಕಿದ್ದೆ. ಥ್ರಾಟಲ್ ಕೊಟ್ಟೆ. ಡ್ರೋನ್ ಒಂದು ಗೇಣು ಎದ್ದಿತು, ಹಾಗೇ ಮಗುಚಿ ನೆಲ ಕೆರೆಯಿತು. ಕೆಂಪು ಮಣ್ಣು ಮುಖಕ್ಕೆ ಹಾರಿತು, ಒಂದು ತುಂಡು ಪ್ಲಾಸ್ಟಿಕ್ ಕಿವಿಯ ಪಕ್ಕ ಸುಯ್ಯೆಂದು ಹೋಯಿತು. ಚಿಕ್ಕ ಡ್ರೋನ್ ಆಗಿದ್ದಕ್ಕೆ ಬದುಕಿದೆ. ಔಷಧಿ ಡ್ರೋನ್‌ಗೆ 30 ಇಂಚಿನ ಕಾರ್ಬನ್ ರೆಕ್ಕೆ ಇರುತ್ತದೆ. ಅದು ಕುಡುಗೋಲೇ ಸರಿ. ಅವತ್ತಿನಿಂದ ನಮ್ಮ ಶೆಡ್ಡಲ್ಲಿ ಒಂದು ನಿಯಮ: ಮೋಟಾರ್ ದಿಕ್ಕು ನೋಡುವುದು, ಸಾಫ್ಟ್‌ವೇರ್ ಬದಲಿಸುವುದು, ಏನೇ ಮೇಜಿನ ಮೇಲಿನ ಕೆಲಸ ಇದ್ದರೂ ಪ್ರೊಪೆಲ್ಲರ್ ಬಿಚ್ಚಿಟ್ಟ ಮೇಲೇ ಬ್ಯಾಟರಿ ಜೋಡಿಸಬೇಕು.

ಕಂಪಾಸ್ ಕ್ಯಾಲಿಬ್ರೇಟ್ ಮಾಡುವಾಗ (ದಿಕ್ಕು ಸರಿಹೊಂದಿಸುವಾಗ) ಶೆಡ್ಡಿನ ತಗಡು, ಕಬ್ಬಿಣದ ಗೇಟು, ಪಾಲಿಹೌಸ್ ಪೈಪು, ಕಿಸೆಯಲ್ಲಿರುವ ಮೊಬೈಲು, ಎಲ್ಲದರಿಂದ ದೂರ ಹೋಗಿ. ಮೊದಲ ಹಾರಾಟಗಳಲ್ಲಿ ಎದೆ ಮಟ್ಟಕ್ಕಿಂತ ಮೇಲೆ ಹೋಗಬೇಡಿ. ಇಳಿಸಿ, ಲಾಗ್ ತೆಗೆದು ಅಲುಗಾಟದ ಅಂಕಿ ನೋಡಿ. ಆರ್ಡುಪೈಲಟ್‌ನಲ್ಲಿ ಅದು 30ರ ಒಳಗಿದ್ದರೆ ನಿಶ್ಚಿಂತೆ. 60 ದಾಟಿದರೆ ಹಾರಿಸಬೇಡಿ. ಎಲ್ಲೋ ಪ್ರೊಪೆಲ್ಲರ್ ತೂಕ ತಪ್ಪಿದೆ, ಇಲ್ಲವೇ ಮೋಟಾರಿನ ಬೇರಿಂಗ್ ಹೋಗಿದೆ, ಇಲ್ಲವೇ ಸ್ಕ್ರೂ ಸಡಿಲ.

ಆಮೇಲೆ ಫೇಲ್‌ಸೇಫ್. ರಿಮೋಟ್ ಆಫ್ ಆದರೆ ಏನು ಮಾಡಬೇಕು, ಬ್ಯಾಟರಿ ಇಳಿದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಕೊಡಬೇಕು. ಹೇಳಿಕೊಟ್ಟರೆ ಸಾಲದು, ಬೇಕಂತಲೇ ರಿಮೋಟ್ ಆಫ್ ಮಾಡಿ ಅದು ವಾಪಸ್ ಬರುತ್ತದಾ ಅಂತ ನೋಡಬೇಕು. ವಾಪಸ್ ಬರುವ ಎತ್ತರ ನಿಮ್ಮ ತೋಟದ ಅತಿ ಎತ್ತರದ ತೆಂಗಿನ ಮರಕ್ಕಿಂತ ಮೇಲಿರಲಿ. ಇದನ್ನು ಮರೆತವರ ಡ್ರೋನ್ ಇಳಿಸಲು ನಾನೇ ಎರಡು ಸಲ ಮರ ಹತ್ತುವವರನ್ನು ಕರೆಸಿದ್ದೇನೆ.

ಪೈಲಟ್ ಸರ್ಟಿಫಿಕೇಟ್ ಮತ್ತು ಆಕಾಶದ ನಕ್ಷೆ

ಪೈಲಟ್ ಆಗಲು 18ರಿಂದ 65 ವರ್ಷದ ಒಳಗಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಡಿಜಿಸಿಎ ಒಪ್ಪಿಗೆ ಇರುವ ತರಬೇತಿ ಸಂಸ್ಥೆಯಲ್ಲೇ ಕಲಿಯಬೇಕು. ಡಿಜಿಸಿಎ ತಾಣದಲ್ಲಿ ಸಂಸ್ಥೆಗಳ ಪಟ್ಟಿ ಇದೆ. ದುಡ್ಡು ಕಟ್ಟುವ ಮೊದಲು ಆ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ, ಸ್ಮಾಲ್ ವರ್ಗದ ಒಪ್ಪಿಗೆ ಅವರಿಗೆ ಇದೆಯಾ ಕೇಳಿ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಮೊದಲು ಪಾಸ್‌ಪೋರ್ಟ್ ಬೇಕಿತ್ತು. 2023ರ ತಿದ್ದುಪಡಿ ಆದ ಮೇಲೆ ವೋಟರ್ ಐಡಿ, ರೇಷನ್ ಕಾರ್ಡ್, ಡಿಎಲ್ ಇಂಥದ್ದೂ ನಡೆಯುತ್ತದೆ. ಹಳ್ಳಿ ಹುಡುಗರಿಗೆ ಇದರಿಂದ ದೊಡ್ಡ ತಲೆನೋವು ತಪ್ಪಿತು. ನ್ಯಾನೊ ಮತ್ತು ಮೈಕ್ರೊ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ನೀವು ಕಟ್ಟಿದ ಆ ಒಂದೂವರೆ ಕೆ.ಜಿ. ಡ್ರೋನ್ ಮೈಕ್ರೊ ವರ್ಗಕ್ಕೇ ಬರುತ್ತದೆ.

ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಭಾಗ ಮಾಡಿ 2021ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸ್ಕೈ ತಾಣದಲ್ಲಿ ನಕ್ಷೆ ಹಾಕಿದರು. ಹಸಿರಲ್ಲಿ 400 ಅಡಿವರೆಗೆ ಯಾರನ್ನೂ ಕೇಳದೆ ಹಾರಿಸಬಹುದು. ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ಚಿಕ್ಕಬಳ್ಳಾಪುರದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು, ಯಾಕೆಂದರೆ ದೇವನಹಳ್ಳಿ ವಿಮಾನ ನಿಲ್ದಾಣ ನಮ್ಮ ಬಾಗಿಲಲ್ಲೇ ಇದೆ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ ಹಸಿರು. 5ರಿಂದ 8 ಕಿ.ಮೀ. ನಡುವೆ ನೆಲದಿಂದಲೇ ಹಳದಿ. ಔಷಧಿ ಹೊಡೆಯುವುದು ಎರಡು ಮೂರು ಮೀಟರ್ ಎತ್ತರದಲ್ಲಿ, ನಮಗೇನು ಅಂತ ಅಂದುಕೊಳ್ಳಬೇಡಿ. ಹಳದಿ ಅಂದರೆ ಬದುವಿನ ಮೇಲೂ ಹಳದಿಯೇ. ದಕ್ಷಿಣದ ಹಳ್ಳಿಗಳಲ್ಲಿ ಕೆಲಸ ಒಪ್ಪುವ ಮೊದಲು ಸರ್ವೆ ನಂಬರ್ ಇರುವ ಜಾಗವನ್ನು ನಕ್ಷೆಯಲ್ಲಿ ಇಟ್ಟು ನೋಡಿ.

ಇನ್ನೊಂದು ವಿಷಯ. ಪೊಲೀಸ್ ಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ಯಾವುದೇ ಜಾಗವನ್ನು 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ದೊಡ್ಡವರು ಜಿಲ್ಲೆಗೆ ಬರುವ ವಾರ ಬೆಳಿಗ್ಗೆ ನಕ್ಷೆ ನೋಡದೆ ಗಾಡಿ ಹತ್ತಬೇಡಿ.

ನಿಮ್ಮದೇ ಮಾದರಿಗೆ ಟೈಪ್ ಸರ್ಟಿಫಿಕೇಟ್

ಈ ದಾರಿಗೆ ಇಳಿಯುವವರು ಕಡಿಮೆ. ಅರ್ಜಿ ಹಾಕುವುದು ಡಿ-1 ನಮೂನೆಯಲ್ಲಿ, ಆನ್‌ಲೈನ್. ಅರ್ಜಿ ಶುಲ್ಕ ಚಿಲ್ಲರೆ. ಪರೀಕ್ಷೆ ಮಾಡುವ ಸಂಸ್ಥೆಯ ಶುಲ್ಕ ಬೇರೆ, ಅದು ಚಿಲ್ಲರೆ ಅಲ್ಲ. ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಅಥವಾ ಒಪ್ಪಿಗೆ ಪಡೆದ ಪರೀಕ್ಷಾ ಸಂಸ್ಥೆ ನಿಮ್ಮ ಡ್ರೋನ್ ನೋಡುತ್ತದೆ. 2022ರ ಜನವರಿ 26ರಂದು ಬಂದ ಸರ್ಟಿಫಿಕೇಷನ್ ಸ್ಕೀಮ್ ಪ್ರಕಾರ ಒಂದೊಂದನ್ನೇ ಪರೀಕ್ಷಿಸುತ್ತಾರೆ. ನಿಯಮದ ಪ್ರಕಾರ 60 ದಿನದಲ್ಲಿ ಪರೀಕ್ಷೆಯ ವರದಿ, ಅದಾದ 15 ದಿನದಲ್ಲಿ ಡಿಜಿಸಿಎ ಸರ್ಟಿಫಿಕೇಟ್. ಆದರೆ ಈ ಗಡಿಯಾರ ಓಡುವುದು ನಿಮ್ಮ ಕಾಗದ ಸರಿ ಇದ್ದಾಗ.

ಕಾಗದ ಅಂದರೆ ಏನು? ಡ್ರೋನ್ ಎಷ್ಟು ತೂಕ, ಎಷ್ಟು ಎತ್ತರ, ಎಷ್ಟು ದೂರ, ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಹಾರುತ್ತದೆ ಅಂತ ಬರೆಯಬೇಕು. ಬರೆದಿದ್ದನ್ನು ಮಾಡಿ ತೋರಿಸಬೇಕು. ನಕ್ಷೆಗಳು, ಒಂದೊಂದು ಬಿಡಿಭಾಗದ ಪಟ್ಟಿ, ಹಾರಿಸುವ ಕೈಪಿಡಿ, ನಿರ್ವಹಣೆಯ ಕೈಪಿಡಿ, ನೀವೇ ಮಾಡಿದ ಪರೀಕ್ಷೆಗಳ ದಾಖಲೆ. ಹುಡುಗರು ಎಡವುವುದು ಇಲ್ಲೇ. ಡ್ರೋನ್ ಚೆನ್ನಾಗಿ ಹಾರುತ್ತದೆ, ಆದರೆ ಮೂರನೇ ಮೋಟಾರ್ ಯಾವಾಗ ಬದಲಿಸಿದಿರಿ, ಯಾಕೆ ಬದಲಿಸಿದಿರಿ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಹಾಗಾಗಿ ಮೊದಲ ಸ್ಕ್ರೂ ಬಿಗಿದ ದಿನವೇ ಒಂದು 200 ಪುಟದ ನೋಟ್‌ಬುಕ್ ತೆಗೆದಿಡಿ.

ಇದು ನಮ್ಮ ಕಡೆಗೆ ಹೊಸದೇನಲ್ಲ. ಬೆಂಗಳೂರಿನ ಎಡಿಇ (ರಕ್ಷಣಾ ಇಲಾಖೆಯ ವಿಮಾನ ಪ್ರಯೋಗಾಲಯ) ಕಟ್ಟಿದ 'ನಿಶಾಂತ್' ಎಂಬ ಸೈನ್ಯದ ಮಾನವರಹಿತ ವಿಮಾನವನ್ನು ಕೋಲಾರದ ಹತ್ತಿರ ಹಾರಿಸಿ ಪರೀಕ್ಷೆ ಮಾಡುತ್ತಿದ್ದರು. 2009ರ ಏಪ್ರಿಲ್‌ನಲ್ಲಿ ದೇಶದಲ್ಲೇ ಮಾಡಿದ ವ್ಯಾಂಕಲ್ ಜಾತಿಯ ರೋಟರಿ ಇಂಜಿನ್ ಮೊದಲ ಸಲ ನಿಶಾಂತ್‌ನಲ್ಲಿ ಹಾರಿದ್ದು ಕೋಲಾರದಲ್ಲೇ. ಅದಕ್ಕೆ ಮೊದಲು ಆ ಇಂಜಿನ್‌ಗೆ ಸೈನ್ಯದ ವಿಮಾನಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯಿಂದ ಹಾರಾಟದ ತಾತ್ಕಾಲಿಕ ಒಪ್ಪಿಗೆ ಆಗಿತ್ತು. ರಕ್ಷಣಾ ಇಲಾಖೆಯ ಸಂಸ್ಥೆಗೇ ಕಾಗದ ತಪ್ಪಲಿಲ್ಲ. ನಮ್ಮ ಶೆಡ್ಡಿಗೆ ತಪ್ಪುತ್ತದಾ?

ಸರ್ಟಿಫಿಕೇಟ್ ಸಿಕ್ಕ ಮೇಲೆ ಆ ಮಾದರಿ ಹಾಗೇ ಇರಬೇಕು. ಬೇರೆ ಮೋಟಾರ್ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿದರೆ ಅದು ಸರ್ಟಿಫಿಕೇಟ್ ಪಡೆದ ಡ್ರೋನ್ ಅಲ್ಲ. ಇದೇ ಮಾತು ಕೊಂಡವರಿಗೂ ಅನ್ವಯಿಸುತ್ತದೆ. ಇನ್ನೊಂದು ಗೊತ್ತಿರಲಿ: 2022ರ ಫೆಬ್ರವರಿಯಿಂದ ವಿದೇಶದ ಸಿದ್ಧ ಡ್ರೋನ್ ತರಿಸುವುದು ನಿಷಿದ್ಧ. ಬಿಡಿಭಾಗ ತರಿಸಬಹುದು.

ಕೊಳ್ಳುವಾಗ

ಮಾದರಿಯ ಹೆಸರು ಡಿಜಿಸಿಎ ಪಟ್ಟಿಯಲ್ಲಿ ಇದೆಯಾ ನೋಡಿ. "ಅಪ್ಲೈ ಮಾಡಿದೀವಿ ಸಾರ್, ಬಂದ್ಬಿಡುತ್ತೆ" ಎನ್ನುವವರಿಗೆ ಬಂದ ಮೇಲೆ ಬರುತ್ತೇನೆ ಅಂತ ಹೇಳಿ. ಯುಐಎನ್‌ಗೆ ಡಿ-2 ನಮೂನೆ. ಆ ನಂಬರಿಗೆ ಡ್ರೋನ್‌ನ ಸೀರಿಯಲ್ ನಂಬರ್ ಮಾತ್ರ ಅಲ್ಲ, ಒಳಗಿನ ಫ್ಲೈಟ್ ಕಂಟ್ರೋಲರ್ ಮತ್ತು ರಿಮೋಟಿನ ಸೀರಿಯಲ್ ನಂಬರೂ ಅಂಟಿಕೊಂಡಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಮೂರೂ ನಂಬರ್ ತಾಳೆ ನೋಡಿ, ಡಿ-3 ನಮೂನೆಯಲ್ಲಿ ಹೆಸರು ಬದಲಾಯಿಸಿಕೊಂಡ ಮೇಲೇ ದುಡ್ಡು ಪೂರ್ತಿ ಕೊಡಿ.

ಸಹಾಯಧನ ಇದೆ. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ, ಅತಿ ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಬೆಲೆಯ ಶೇ. 50, ಹೆಚ್ಚೆಂದರೆ 5 ಲಕ್ಷ. ಉಳಿದ ರೈತರಿಗೆ ಶೇ. 40, ಹೆಚ್ಚೆಂದರೆ 4 ಲಕ್ಷ. ಮಹಿಳಾ ಸ್ವಸಹಾಯ ಸಂಘಗಳಿಗೆ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಶೇ. 80, ಹೆಚ್ಚೆಂದರೆ 8 ಲಕ್ಷ ಅಂತ ಇಟ್ಟಿದ್ದರು. ಈ ವರ್ಷ ನಿಮ್ಮ ತಾಲ್ಲೂಕಿಗೆ ಎಷ್ಟು ಬಂದಿದೆ, ಯಾರ ಸರದಿ ಅಂತ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಬೇಕು.

ಹೊಲದಲ್ಲಿ

ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಹೊಡೆಯುವಾಗ ಎಕರೆಗೆ 150–200 ಲೀಟರ್ ನೀರು ಹೋಗುತ್ತದೆ. ಡ್ರೋನಿನಲ್ಲಿ 10 ಲೀಟರ್. ಔಷಧಿ ಮಾತ್ರ ಎಕರೆಗೆ ಲೇಬಲ್ ಮೇಲೆ ಬರೆದಷ್ಟೇ. ನೀರು ಕಡಿಮೆ ಆಯಿತು ಅಂತ ಔಷಧಿ ಜಾಸ್ತಿ ಮಾಡಬೇಡಿ, ಕಡಿಮೆಯೂ ಮಾಡಬೇಡಿ. ಅಂದರೆ ಡ್ರೋನಿನ ಒಂದೊಂದು ಹನಿಯೂ ಕ್ಯಾನಿನ ಹನಿಗಿಂತ ಹದಿನೈದು ಇಪ್ಪತ್ತು ಪಟ್ಟು ಗಟ್ಟಿ. ಗಾಳಿಗೆ ಹಾರಿ ಪಕ್ಕದ ತೋಟಕ್ಕೆ ಬಿದ್ದರೂ ಅಷ್ಟೇ ಗಟ್ಟಿ.

ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನಿಂದ ಔಷಧಿ ಹೊಡೆಯುವ ಕ್ರಮ ಹೊರಡಿಸಿತು. 2022ರಲ್ಲಿ 477 ಔಷಧಿಗಳಿಗೆ ಡ್ರೋನ್ ಬಳಕೆಗೆ ತಾತ್ಕಾಲಿಕ ಒಪ್ಪಿಗೆ ಸಿಕ್ಕಿತು. ಅಂಗಡಿಯವನು ಕೊಟ್ಟಿದ್ದನ್ನೆಲ್ಲ ಟ್ಯಾಂಕಿಗೆ ಸುರಿಯುವ ಹಾಗಿಲ್ಲ. ನಿಮ್ಮ ಔಷಧಿಗೆ, ನಿಮ್ಮ ಬೆಳೆಗೆ ಈಗ ಒಪ್ಪಿಗೆ ಇದೆಯಾ ಅಂತ ಕೃಷಿ ಅಧಿಕಾರಿಯನ್ನು ಕೇಳಿ. ಎರಡು ಔಷಧಿ ಬೆರೆಸುವುದಾದರೆ ಮೊದಲು ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಕಲಸಿ ಅರ್ಧ ಗಂಟೆ ಇಡಿ. ಮೊಸರಿನ ಹಾಗೆ ಒಡೆದರೆ ನಾಜಲ್ಲೂ ಕಟ್ಟುತ್ತದೆ, ಬೆಳೆಯೂ ಸುಡುತ್ತದೆ.

ನಾಜಲ್ ಅಳತೆ ಹೀಗೆ. ಡ್ರೋನ್ 4 ಮೀಟರ್ ಅಗಲಕ್ಕೆ ಹೊಡೆಯುತ್ತದೆ, ಸೆಕೆಂಡಿಗೆ 3 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 12 ಚದರ ಮೀಟರ್ ಆಯಿತು. ಎಕರೆ ಅಂದರೆ 4047 ಚದರ ಮೀಟರ್, ಅಂದರೆ 337 ಸೆಕೆಂಡ್, ಐದೂವರೆ ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ 10 ಲೀಟರ್ ಹೋಗಬೇಕಾದರೆ ನಿಮಿಷಕ್ಕೆ 1.78 ಲೀಟರ್. ನಾಲ್ಕು ನಾಜಲ್ ಇದ್ದರೆ ಒಂದೊಂದರಿಂದ 445 ಮಿ.ಲೀ. ಬರಿ ನೀರು ಹಾಕಿ, ಪ್ರೊಪೆಲ್ಲರ್ ತಿರುಗಿಸದೆ ಪಂಪ್ ಮಾತ್ರ ಆನ್ ಮಾಡಿ. ಒಂದೊಂದು ನಾಜಲ್ ಕೆಳಗೂ ಒಂದು ಜಗ್ ಇಟ್ಟು ನಿಮಿಷ ಎಣಿಸಿ. ನಾಲ್ಕರಲ್ಲಿ ಒಂದು 380 ತೋರಿಸಿದರೆ ಅದನ್ನು ಬಿಚ್ಚಿ. ನಮ್ಮ ಕೊಳವೆಬಾವಿ ನೀರು ಎಂಥ ಗಡಸು ಅಂತ ಗೊತ್ತಲ್ಲ, ಪಾತ್ರೆಯಲ್ಲಿ ಬಿಳಿ ಕಟ್ಟುವ ಹಾಗೇ ನಾಜಲ್ಲಿನಲ್ಲೂ ಕಟ್ಟುತ್ತದೆ. ಮಳೆ ನೀರು ಇಲ್ಲವೇ ಫಿಲ್ಟರ್ ನೀರು ಸಿಕ್ಕರೆ ಅದನ್ನೇ ಬಳಸಿ. ಎಕರೆಗೆ ಬೇಕಿರುವುದು ಒಂದು ಬಿಂದಿಗೆಯಷ್ಟೇ.

ಎಲ್ಲ ಬೆಳೆಗೂ ಡ್ರೋನ್ ಸರಿ ಅಂತ ನಾನು ಹೇಳುವುದಿಲ್ಲ. ರಾಗಿ, ಮುಸುಕಿನ ಜೋಳ, ನೆಲಗಡಲೆ, ತೊಗರಿಗೆ ಒಳ್ಳೆಯದು. ದ್ರಾಕ್ಷಿ ಚಪ್ಪರಕ್ಕೆ ಮೇಲಿಂದ ಹೊಡೆದರೆ ಎಲೆ ನೆನೆಯುತ್ತದೆ, ಕೆಳಗೆ ನೇತಾಡುವ ಗೊಂಚಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕೋಲು ಕಟ್ಟಿದ ಟೊಮ್ಯಾಟೊದಲ್ಲಿ ಎಲೆಯ ಅಡಿ ಕೂರುವ ಬಿಳಿ ನೊಣಕ್ಕೂ ಇದೇ ಕಷ್ಟ. ಇದನ್ನು ರೈತನಿಗೆ ಮೊದಲೇ ಹೇಳಿ.

ಈಗ ರೇಷ್ಮೆಯ ವಿಷಯ. ಶುರುವಿನ ವರ್ಷ ಒಂದು ಬೆಳಿಗ್ಗೆ ಟೊಮ್ಯಾಟೊಗೆ ಹೊಡೆಯುತ್ತಿದ್ದೆ. ಏಳು ಗಂಟೆಗೆ ಗಾಳಿಯೇ ಇರಲಿಲ್ಲ. ಎರಡನೇ ಟ್ಯಾಂಕ್ ಹೊತ್ತಿಗೆ ಒಂಬತ್ತೂವರೆ ಆಗಿತ್ತು, ಗಾಳಿ ಬೆಟ್ಟದ ಕಡೆಯಿಂದ ತಿರುಗಿತ್ತು. ಇನ್ನು ನಾಲ್ಕು ಸಾಲು, ಮುಗಿಸೋಣ ಅಂತ ಮುಗಿಸಿದೆ. ಪಕ್ಕದ ತೋಟದ ಅಕ್ಕ ಮಧ್ಯಾಹ್ನ ಸೊಪ್ಪು ಕುಯ್ದು ಹುಳಕ್ಕೆ ಹಾಕಿದ್ದಾರೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದಿದ್ದ ಹುಳ, ಇನ್ನೊಂದು ವಾರದಲ್ಲಿ ಗೂಡು ಕಟ್ಟಲು ಚಂದ್ರಿಕೆಗೆ ಹಾಕಬೇಕಿತ್ತು. ಸಂಜೆ ನನ್ನನ್ನು ಹುಳದ ಮನೆಗೆ ಕರೆದುಕೊಂಡು ಹೋದರು. ಹುಳ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಮುದುಡಿ ಗಿಡ್ಡಗಾಗಿದ್ದವು. ಮಳೆ ಬಿದ್ದ ಹಾಗೆ ಸೊಪ್ಪು ತಿನ್ನುವ ಸದ್ದು ಇರಬೇಕಾದ ಮನೆಯಲ್ಲಿ ಸದ್ದೇ ಇರಲಿಲ್ಲ. "ಏನಪ್ಪಾ, ಒಂದು ಮಾತು ಹೇಳಿದ್ರೆ ಬೆಳಿಗ್ಗೇನೇ ಸೊಪ್ಪು ಕುಯ್ದಿಟ್ಕೊತಿದ್ನಲ್ಲ" ಎಂದರು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೂರು ಮೊಟ್ಟೆಯ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ, ಬೆಳೆ ಅದು. ನಷ್ಟವನ್ನು ಎರಡು ಕಂತಲ್ಲಿ ಕೊಟ್ಟೆ.

ಅವತ್ತಿನಿಂದ ಹೀಗೆ ಮಾಡುತ್ತೇನೆ. ಒಂದು ದಿನ ಮೊದಲೇ ಸುತ್ತಲಿನ ಎಲ್ಲ ತೋಟದವರಿಗೂ ಹೇಳುತ್ತೇನೆ, ಹುಳ ಯಾವ ಜ್ವರದಲ್ಲಿದೆ ಅಂತ ಕೇಳುತ್ತೇನೆ. ಸೊಪ್ಪಿನ ತೋಟ ಗಾಳಿ ಬೀಸಿಹೋಗುವ ಕಡೆಗಿದ್ದರೆ ಅವತ್ತು ಹೊಡೆಯುವುದಿಲ್ಲ. ಬದುವಿಗೆ ತಾಗಿದ ಸಾಲುಗಳನ್ನು ಡ್ರೋನಿನಲ್ಲಿ ಹೊಡೆಯುವುದೇ ಇಲ್ಲ, ಕ್ಯಾನಿನಲ್ಲಿ ಕೈಯಾರೆ ಹೊಡೆಸುತ್ತೇನೆ. ಒಂದು ಕೋಲಿಗೆ ತೆಳ್ಳನೆ ಟೇಪ್ ಕಟ್ಟಿ ಬದುವಿನ ಮೇಲೆ ನೆಡುತ್ತೇನೆ. ಟೇಪ್ ಅಡ್ಡಡ್ಡ ಏಳಲು ಶುರುವಾದರೆ ಟ್ಯಾಂಕಿನಲ್ಲಿ ಎಷ್ಟು ಉಳಿದಿದ್ದರೂ ಇಳಿಸುತ್ತೇನೆ. ಜೇನು ಸಾಕಿದವರಿಗೂ ಹೇಳಿ. ಹೂವಿಗೆ ಜೇನು ಬರುವ ಹೊತ್ತಲ್ಲಿ ಹೊಡೆಯಬೇಡಿ.

ಇಳಿಸಿದ ಮೇಲಿನ ಕೆಲಸ

ಕೆಲಸ ಮುಗಿದ ಕೂಡಲೇ ಟ್ಯಾಂಕಿಗೆ ಒಳ್ಳೆ ನೀರು ಹಾಕಿ ಮೂರು ಸಲ ಪಂಪ್ ಓಡಿಸಿ. ಆ ನೀರನ್ನು ಅದೇ ಹೊಲಕ್ಕೆ ಬಿಡಿ. ಕೆರೆ ಕೋಡಿಗಾಗಲಿ ಕೃಷಿ ಹೊಂಡಕ್ಕಾಗಲಿ ಬೇಡ. ಫಿಲ್ಟರ್ ಜಾಲರಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನಾಜಲ್ ತೂತಿಗೆ ಪಿನ್ನು ಹಾಕಬೇಡಿ. ತೂತು ದೊಡ್ಡದಾದರೆ ಲೆಕ್ಕವೆಲ್ಲ ತಪ್ಪುತ್ತದೆ. ಡ್ರೋನ್ ಮೇಲೆ ನೇರವಾಗಿ ಪೈಪ್ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ನಮ್ಮ ಕೆಂಪು ಧೂಳು ಮೋಟಾರಿಗೆ ವೈರಿ. ಹಾಗಾಗಿ ಯಾವಾಗಲೂ ಟಾರ್ಪಾಲಿನ ಮೇಲಿಂದ ಎಬ್ಬಿಸಿ, ಅದರ ಮೇಲೇ ಇಳಿಸಿ. ಟಾರ್ಪಾಲಿನ ನಾಲ್ಕೂ ಮೂಲೆಗೆ ಕಲ್ಲು ಇಡಿ, ಇಲ್ಲದಿದ್ದರೆ ಅದೇ ಎದ್ದು ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಸಂಜೆ ಬ್ಯಾಟರಿ ತೆಗೆದು ಒಂದೊಂದು ಮೋಟಾರನ್ನೂ ಬೆರಳಲ್ಲಿ ತಿರುಗಿಸಿ, ಕಿವಿ ಹತ್ತಿರ ಇಡಿ. ಪಂಪ್‌ಸೆಟ್ ಮೋಟಾರಿನಿಂದ ನಾನು ಕಲಿತದ್ದು ಇದನ್ನೇ: ಬೇರಿಂಗ್ ಹೋಗುವ ಮೊದಲು ಹೇಳಿಯೇ ಹೋಗುತ್ತದೆ. ಮರಳು ಅರೆದ ಹಾಗೆ ಕೇಳಿಸಿದರೆ ಬದಲಿಸುವ ಕಾಲ ಬಂತು. ರೆಕ್ಕೆಯ ಅಂಚಿನ ಮೇಲೆ ಉಗುರು ಎಳೆಯಿರಿ, ಉಗುರು ಸಿಕ್ಕಿಕೊಂಡ ಕಡೆ ಬಿರುಕು ಇರುತ್ತದೆ. ಬಿರುಕು ಬಿಟ್ಟ ರೆಕ್ಕೆಗೆ ಅಂಟು ಹಾಕುವವರನ್ನು ನೋಡಿದ್ದೇನೆ. ಅವರ ಹತ್ತಿರ ನಿಲ್ಲಬೇಡಿ. ಮಡಚುವ ತೋಳುಗಳ ಬೀಗ, ಲ್ಯಾಂಡಿಂಗ್ ಕಾಲಿನ ನಟ್ಟು, ಬ್ಯಾಟರಿ ಪ್ಲಗ್ಗಿನ ಕಪ್ಪು ಕಲೆ, ಇವನ್ನು ದಿನಾ ನೋಡಿ. ಉಳಿದಿದ್ದು ತಯಾರಕರ ಕೈಪಿಡಿಯಲ್ಲಿ ಎಷ್ಟು ಗಂಟೆಗೆ ಅಂತ ಬರೆದಿದೆಯೋ ಅಷ್ಟಕ್ಕೆ.

ಖರ್ಚು ಹೆಚ್ಚು ಬರುವುದು ಬ್ಯಾಟರಿಗೆ. ಲಿಪೊ ಸೆಲ್ ತುಂಬಿದಾಗ 4.2 ವೋಲ್ಟ್, 12 ಸೆಲ್ಲಿನ ಬ್ಯಾಟರಿ 50.4. ಹಾರುತ್ತಿರುವಾಗ 43–44ಕ್ಕೆ ಬಂದರೆ ಇಳಿಸಿ. "ಇನ್ನೊಂದು ಸಾಲು" ಅನ್ನುವ ಆಸೆಗೆ ಬ್ಯಾಟರಿಯ ಆಯಸ್ಸು ಹೋಗುತ್ತದೆ. ಇಳಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ನೆರಳಲ್ಲಿಟ್ಟು ಕೈಗೆ ತಣ್ಣಗಾದ ಮೇಲೆ ಹಾಕಿ. ನಾಲ್ಕೈದು ದಿನ ಕೆಲಸ ಇಲ್ಲ ಅಂದರೆ ತುಂಬಿಸಿ ಇಡಬೇಡಿ, ಸೆಲ್ಲಿಗೆ 3.85 ವೋಲ್ಟ್, ಒಟ್ಟು 46ರ ಹತ್ತಿರಕ್ಕೆ ತಂದು ಇಡಿ. ಏಪ್ರಿಲ್ ಬಿಸಿಲಲ್ಲಿ ಗೂಡ್ಸ್ ಆಟೊದ ಹಿಂದೆ ಮುಚ್ಚಿ ಬಿಡಬೇಡಿ. ಹಪ್ಪಳದ ಹಾಗೆ ಉಬ್ಬಿದ ಬ್ಯಾಟರಿಯನ್ನು ಇನ್ನು ಹಾರಿಸುವಂತಿಲ್ಲ. ಚಾರ್ಜ್ ಮಾಡುವ ಜಾಗ ಮಲಗುವ ಮನೆ ಆಗಿರಬಾರದು, ಹುಳದ ಮನೆಯಂತೂ ಬೇಡವೇ ಬೇಡ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ.

ರಿಪೇರಿಯಲ್ಲಿ ಒಂದು ಕಾನೂನಿನ ಮುಳ್ಳಿದೆ. ಫ್ಲೈಟ್ ಕಂಟ್ರೋಲರ್ ಅಥವಾ ರಿಮೋಟ್ ಬದಲಿಸಿದರೆ ಯುಐಎನ್ ಜೊತೆ ಇರುವ ನಂಬರ್ ತಾಳೆಯಾಗುವುದಿಲ್ಲ. ಮತ್ತೆ ಹಾರಿಸುವ ಮೊದಲು ಪೋರ್ಟಲ್‌ನಲ್ಲಿ ಹೊಸ ನಂಬರ್ ಹಾಕಬೇಕು. ಅಪಘಾತ ಆದರೆ 48 ಗಂಟೆಯೊಳಗೆ ಆನ್‌ಲೈನಿನಲ್ಲಿ ಡಿಜಿಸಿಎಗೆ ತಿಳಿಸಬೇಕು. ವಿಮೆಯವರು ಮೊದಲು ಕೇಳುವುದೂ ಇದನ್ನೇ.

ನೋಟ್‌ಬುಕ್ಕಿನಲ್ಲಿ ನಾನು ಪ್ರತಿ ಹಾರಾಟಕ್ಕೂ ಒಂದು ಸಾಲು ಬರೆಯುತ್ತೇನೆ: ತಾರೀಖು, ಊರು, ಬೆಳೆ, ಯಾವ ಬ್ಯಾಟರಿ, ಎದ್ದಾಗ ಎಷ್ಟು ವೋಲ್ಟ್, ಇಳಿದಾಗ ಎಷ್ಟು, ಗಾಳಿ ಯಾವ ಕಡೆಯಿಂದ, ಏನಾದರೂ ವಿಚಿತ್ರ ಸದ್ದು ಬಂತಾ. ಬ್ಯಾಟರಿಗಳಿಗೆ ಬಿಳಿ ಪೇಂಟಲ್ಲಿ ಒಂದು, ಎರಡು, ಮೂರು ಅಂತ ಬರೆದಿದ್ದೇನೆ. ಹೋದ ಹಂಗಾಮಿನಲ್ಲಿ ಮೂರನೇ ನಂಬರಿನದು ಪ್ರತಿ ಸಲವೂ ಉಳಿದವಕ್ಕಿಂತ ಒಂದು ನಿಮಿಷ ಮೊದಲೇ 44ಕ್ಕೆ ಇಳಿಯುತ್ತಿದ್ದುದು ಗೊತ್ತಾಗಿದ್ದು ಆ ಸಾಲುಗಳಿಂದಲೇ. ಅದನ್ನು ತೆಗೆದಿಟ್ಟೆ. ಕೊನೆಯ ಅಂಕಣಕ್ಕೆ ಗೆರೆ ಎಳೆದು ಮೇಲೆ 'ಹುಳ' ಅಂತ ಬರೆದಿದ್ದೇನೆ. ಅಲ್ಲಿ ಪಕ್ಕದ ತೋಟದವರು ಹೇಳಿದ ಜ್ವರದ ನಂಬರ್ ಇರುತ್ತದೆ.